ತೊಂಬತ್ತರ ಮಗ್ಗಿ

ಯೂರೋಪಿಗೆ ಕಾಲಿಟ್ಟ ಗಳಿಗೆಯಿಂದ ನನಗೆ ಗುಣಿಸುವ ಚಟ ಅಂಟಿಕೊಂಡಿತು. ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ನೀರಿನ ಬಾಟಲಿಯ ಕೆಳಗೆ ಮೂರು ಯೂರೋ ಎಂದು ಬರೆದಿತ್ತು. ಕಣ್ಣು ಮೂರು ಎಂದು ಓದಿತು, ಎದೆ ಇನ್ನೂರ ಎಪ್ಪತ್ತು ಎಂದು ಬಡಿದುಕೊಂಡಿತು. 2023ರ ಏಪ್ರಿಲ್ ಅದು; ಒಂದು ಯೂರೋಗೆ ಹತ್ತಿರ ಹತ್ತಿರ ತೊಂಬತ್ತು ರೂಪಾಯಿ. ಬಾಟಲಿಯನ್ನು ಇದ್ದಲ್ಲೇ ಇಟ್ಟು, ಗಂಟಲಿಗೆ ಸಮಾಧಾನ ಹೇಳಿ ಹೊರಗೆ ಬಂದೆ. ಆಮೇಲೆ ಬಸ್ಸಿನ ಟಿಕೆಟ್ಟು, ಬ್ರೆಡ್ಡು, ಬಾಳೆಹಣ್ಣು, ಗಾಜಿನ ಹಿಂದೆ ತೂಗುಹಾಕಿದ ಕೋಟು, ಕೊಳ್ಳುವ ಯೋಚನೆಯೇ ಇಲ್ಲದ ಪಿಯಾನೊ, ಎಲ್ಲಕ್ಕೂ ತೊಂಬತ್ತರ ಗುಣಾಕಾರ ನಡೆಯಿತು. ಪಿಯಾನೊದ ಬೆಲೆ ಗುಣಿಸಿ ಬಂದ ಮೊತ್ತಕ್ಕೆ ನಿಜಕ್ಕೂ ಬೆಚ್ಚಿಬಿದ್ದೆ. ಯಾರೋ ಅದನ್ನು ನನ್ನ ತಲೆಗೆ ಕಟ್ಟಲು ಹೊರಟಿದ್ದಾರೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿದೆ ಕೂಡ.

ಈ ಚಟದ ಬೇರು ಸಾಗರದ ನಮ್ಮ ಮನೆಯ ಜಗುಲಿಯಲ್ಲಿದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಕೈಕಾಲು ತೊಳೆದು ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು ಮಗ್ಗಿ ಹೇಳಬೇಕು. ಇಪ್ಪತ್ತರವರೆಗೆ ಮುಗಿಯದೆ ಒಳಗಿನಿಂದ ಊಟದ ಕರೆ ಬರುವಂತಿಲ್ಲ. ಅಪ್ಪನಿಗೆ ಅದೂ ಸಾಲದು. ಅವರಪ್ಪ ಕಲಿತ ಕೂಲಿಮಠದಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಇದ್ದವಂತೆ. ಅವನ್ನು ಬಿಟ್ಟಿದ್ದರಿಂದಲೇ ದೇಶ ಹೀಗಾಯಿತೆಂದು ಅವರ ಖಚಿತ ಅಭಿಪ್ರಾಯ. ನನಗೆ ಹತ್ತೊಂಬತ್ತರ ಮಗ್ಗಿ ಕಂಟಕ. ಹತ್ತೊಂಬತ್ತೇಳ್ಲೆ ಎಂದು ರಾಗ ಎಳೆದು ನಿಂತುಬಿಡುತ್ತಿದ್ದೆ. ಆಗ ಅಡಿಗೆಮನೆಯಲ್ಲಿ ಸೌಟು ಒಮ್ಮೆ ಪಾತ್ರೆಗೆ ಜೋರಾಗಿ ತಾಗುತ್ತಿತ್ತು. ಆ ಸದ್ದಿನ ಮರೆಯಲ್ಲಿ ಅಮ್ಮ "ನೂರಮೂವತ್ಮೂರು" ಎಂದು ತೇಲಿಸಿ ಬಿಡುತ್ತಿದ್ದಳು. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.

ಹೊರಟವರು ಐದು ಜನ: ಅಪ್ಪ, ಅಮ್ಮ, ನಾನು, ನಮ್ಮ ಯಜಮಾನರು, ಆಗಷ್ಟೇ ಪರೀಕ್ಷೆ ಮುಗಿಸಿದ್ದ ಮಗಳು. ಯುಗಾದಿಯ ಹೋಳಿಗೆ ತಿಂದು ಮುಗಿಸಿ, ಈಸ್ಟರ್ ರಜೆಯ ಹೊತ್ತಿಗೆ ವಿಯೆನ್ನಾದಲ್ಲಿರುವ ಮೈದುನನ ಮನೆ ಸೇರುವುದು, ಅಲ್ಲಿಂದ ರೈಲಿನಲ್ಲಿ ಬುಡಾಪೆಸ್ಟ್, ಪ್ರಾಗ್ ನೋಡಿಕೊಂಡು ಬರುವುದು ಎಂದು ನಿಶ್ಚಯವಾಗಿತ್ತು. ಅಪ್ಪನದು ಒಂದೇ ಷರತ್ತು. ಮೇ 10ಕ್ಕೆ ವಿಧಾನಸಭೆ ಚುನಾವಣೆ; ಅಷ್ಟರೊಳಗೆ ಸಾಗರದಲ್ಲಿರಬೇಕು, ಓಟು ತಪ್ಪಿಸುವಂತಿಲ್ಲ. ಅಮ್ಮ ಷರತ್ತು ಹಾಕುವ ಗೋಜಿಗೆ ಹೋಗದೆ ಸಾಮಾನು ಕಟ್ಟಿದಳು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ಕೋಡುಬಳೆ, ಕೊಬ್ಬರಿ ಮಿಠಾಯಿ, ಎಲ್ಲಕ್ಕಿಂತ ಮುಖ್ಯವಾಗಿ ಸುತ್ತಿನ ಮೇಲೆ ಸುತ್ತು ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ. ಅಪ್ಪನ ಸ್ವೆಟರುಗಳೆಲ್ಲ ಆ ಬಾಟಲಿಗೆ ಹಾಸಿಗೆಯಾಗಿ ಪ್ರಯಾಣ ಮಾಡಿದವು.

ನನ್ನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದವಳು ಓರಗಿತ್ತಿ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ತುಟಿ ಅಲುಗಿಸುತ್ತಿದ್ದ ನನ್ನನ್ನು ನೋಡಿ, "ಅಕ್ಕಾ, ಗುಣಿಸ್ತಿದೀರಾ?" ಎಂದಳು. ಹೌದೆಂದೆ. "ಗುಣಿಸಿದೋರಿಗೆ ಇಲ್ಲಿ ಊಟ ಸೇರಲ್ಲ ಅಕ್ಕಾ. ಬಂದ ಹೊಸದರಲ್ಲಿ ನಾನೂ ಹೀಗೇ ಗುಣಿಸಿ ಗುಣಿಸಿ ಕೊತ್ತಂಬರಿ ಇಲ್ಲದ ಸಾರೇ ಮಾಡ್ತಿದ್ದೆ." ಈಗ ಅವಳಿಗೆ ಗುಣಾಕಾರ ಬಿಟ್ಟಿದೆ, ಭಾಗಾಕಾರ ಹಿಡಿದಿದೆ. ಊರಿಗೆ ಬಂದಾಗ ಬೆಣ್ಣೆ ದೋಸೆಯ ಬೆಲೆಯನ್ನು ತೊಂಬತ್ತರಿಂದ ಭಾಗಿಸಿ, ಒಂದು ಯೂರೋ ಕೂಡ ಆಗಲಿಲ್ಲವಲ್ಲ ಎಂದು ಇನ್ನೊಂದು ತರಿಸುತ್ತಾಳೆ. ಅದೇ ಅಂಕಿ ಹಿಡಿದುಕೊಂಡು ಅವಳು ನಮ್ಮೂರಿನಲ್ಲಿ ಸಾಹುಕಾರ್ತಿ, ನಾನು ಅವಳೂರಿನಲ್ಲಿ ಬಡವಿ.

ಅಮ್ಮನ ಪ್ರಕಾರ ಕೊತ್ತಂಬರಿಗೆ ದುಡ್ಡು ಕೊಡುವುದೇ ಅಧರ್ಮ. ಸಾಗರದ ಸಂತೆಯಲ್ಲಿ ತರಕಾರಿ ಕೊಂಡಮೇಲೆ ಚೀಲದ ಬಾಯಿ ಅಗಲಿಸಿ ನಿಲ್ಲುವುದು ಅವಳ ಪದ್ಧತಿ. ನಾಲ್ಕೆಸಳು ಕೊತ್ತಂಬರಿ, ಒಂದು ಹಿಡಿ ಕರಿಬೇವು, ಎರಡು ಹಸಿಮೆಣಸಿನಕಾಯಿ ಕೊಸರಾಗಿ ಬೀಳದೆ ವ್ಯಾಪಾರ ಮುಗಿಯುವುದಿಲ್ಲ. ಹಾಗಾಗಿ ವಿಯೆನ್ನಾದ ನಾಷ್‌ಮಾರ್ಕ್ಟ್ ಅವಳಿಗೆ ಬಹಳ ಹಿಡಿಸಿತು. ಎರಡು ಸಾಲು ಮಳಿಗೆಗಳ ಆ ಮಾರುಕಟ್ಟೆಯಲ್ಲಿ ವ್ಯಾಪಾರಿಗಳೇ ಅಡ್ಡ ಬಂದು ಫಲಾಫಲಿನ ತುಣುಕು, ಒಣಹಣ್ಣು ಎಂದು ಕೈಗೆ ಕೊಟ್ಟು ರುಚಿ ನೋಡಿ ಎನ್ನುತ್ತಾರೆ. ಫಲಾಫಲ್ ಎಂದರೆ ಕಡಲೆಯ ವಡೆ ಎಂದು ಅಮ್ಮ ಮೊದಲ ತುತ್ತಿಗೇ ತೀರ್ಮಾನಿಸಿದಳು, ಸೊಪ್ಪು ಜಾಸ್ತಿಯಾಯಿತು ಎಂದೂ ಸೇರಿಸಿದಳು. "ಕೊಳ್ಳೋ ಮೊದ್ಲೇ ಕೊಸರು ಕೊಡ್ತಾರಲ್ಲೇ, ಎಷ್ಟು ದೊಡ್ಡ ಮನಸ್ಸು!" ಎನ್ನುತ್ತ ಒಂದು ಸಾಲಿನಲ್ಲಿ ಹೋಗಿ ಇನ್ನೊಂದು ಸಾಲಿನಲ್ಲಿ ವಾಪಸ್ಸು ಬಂದಳು. ಆ ದಿನ ಮಧ್ಯಾಹ್ನ ಅವಳಿಗೆ ಊಟ ಬೇಕಾಗಲಿಲ್ಲ.

ವಿಯೆನ್ನಾಕ್ಕೆ ಹೋಗಿ ಕಾಫಿ ಕುಡಿಯದೆ ಬರಬಾರದೆಂದು ಮೈದುನ ಹಳೆಯ ಕಾಫಿಹೌಸೊಂದಕ್ಕೆ ಕರೆದೊಯ್ದ. ಎತ್ತರದ ಚಾವಣಿ, ಬಾಗಿಸಿದ ಮರದ ಕುರ್ಚಿಗಳು, ಕೋಲಿಗೆ ಸಿಕ್ಕಿಸಿ ತೂಗುಹಾಕಿದ ಪತ್ರಿಕೆಗಳು, ಕಪ್ಪು ಸೂಟು ತೊಟ್ಟ ಮಾಣಿ. ಒಂದು ಕಾಫಿ ತರಿಸಿ ಇಡೀ ಮಧ್ಯಾಹ್ನ ಕೂತರೂ ಯಾರೂ ಏಳಿ ಎನ್ನುವುದಿಲ್ಲವಂತೆ. ಕುರ್ಚಿಯೇ ಇಲ್ಲದ ದರ್ಶಿನಿಗಳಲ್ಲಿ ನಿಂತು ಕುಡಿದು ಬೆಳೆದ ನಮಗೆ ಇದು ಕೃತಯುಗದ ಸುದ್ದಿ ಅನ್ನಿಸಿತು. ಈ ಕಾಫಿಹೌಸುಗಳ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯಾ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತೆಂದು ಮೈದುನ ವಿವರಿಸುತ್ತಿದ್ದ. ನಾನು ಮೆನುವಿನ ಬಲಬದಿ ಓದುತ್ತಿದ್ದೆ. ಮೆಲಾಂಜ್ ಎಂಬ ಹಾಲು ಬೆರೆತ ಕಾಫಿಗೆ ಐದು ಯೂರೋ. ಒಂಬತ್ತೈದ್ಲೆ ನಲವತ್ತೈದು, ಮೇಲೊಂದು ಸೊನ್ನೆ.

"ಬೈಟು ಹೇಳು" ಎಂದಳು ಅಮ್ಮ, ನನ್ನ ಮುಖ ನೋಡಿ. ಇಲ್ಲಿ ಹಾಗೆಲ್ಲ ಕೇಳುವುದಿಲ್ಲ ಎಂದು ಇವರು ಗಂಭೀರವಾದರು. ಮಾಣಿ ಲೋಹದ ಪುಟ್ಟ ತಟ್ಟೆಯಲ್ಲಿ ಕಾಫಿ ತಂದಿಟ್ಟ. ಜೊತೆಗೊಂದು ಲೋಟ ನೀರು, ಲೋಟದ ಮೇಲೆ ಬೋರಲು ಹಾಕಿದ ಚಮಚ. ಅಮ್ಮ ನಿಧಾನವಾಗಿ ನೀರು ಕುಡಿದು ಮುಗಿಸಿದಳು. ಖಾಲಿಯಾದ ಲೋಟಕ್ಕೆ ಅರ್ಧ ಕಾಫಿ ಬಗ್ಗಿಸಿ, ಮಿಕ್ಕ ಕಪ್ಪನ್ನು ಅಪ್ಪನ ಕಡೆ ಸರಿಸಿದಳು. ಇವರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಅದು ಜರ್ಮನ್ ಪತ್ರಿಕೆ ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮುಖ್ಯವಾಗಲಿಲ್ಲ. ದೂರದಿಂದ ನೋಡುತ್ತಿದ್ದ ಮಾಣಿ ಬಂದ, ಒಂದು ಮಾತೂ ಆಡದೆ ಖಾಲಿ ಕಪ್ಪೊಂದನ್ನೂ ಹೊಸದಾಗಿ ಎರಡು ಲೋಟ ನೀರನ್ನೂ ಇಟ್ಟು ಹೋದ. ಅಮ್ಮ ಅವನಿಗೆ ಮನಸ್ಸಿನಲ್ಲೇ ದೀರ್ಘಾಯುಷ್ಯ ಹರಸಿದ್ದು ನಮಗೆಲ್ಲ ಕೇಳಿಸಿತು.

ಆ ನೀರಿಗೂ ಒಂದು ಕಥೆ ಇದೆ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಪರ್ವತದ ಬುಗ್ಗೆಯ ನೀರು. 1873ರಲ್ಲಿ ಮೊದಲ ಕಾಲುವೆ, 1910ರಲ್ಲಿ ಎರಡನೆಯದು ತಯಾರಾಗಿ, ಬೆಟ್ಟದಿಂದ ಊರಿನವರೆಗೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಇದು ತಿಳಿದ ಮೇಲೆ ಅಪ್ಪ ಕಂಡ ಕಂಡ ನಲ್ಲಿಯಲ್ಲಿ ಬಾಟಲಿ ತುಂಬಿಸತೊಡಗಿದರು. ಪ್ರತಿ ಸಲವೂ ನನ್ನತ್ತ ತಿರುಗಿ, "ಇನ್ನೂರ ಎಪ್ಪತ್ತು ರೂಪಾಯಿ ಉಳೀತು" ಎನ್ನುವರು. ವಿಯೆನ್ನಾ ಬಿಡುವ ಹೊತ್ತಿಗೆ ಅವರು ನೀರಿನಲ್ಲೇ ವಿಮಾನದ ಟಿಕೆಟಿನ ದುಡ್ಡು ಹಿಂದೆ ಪಡೆದಿದ್ದರು.

ಉಳಿದದ್ದು ಅಷ್ಟೂ ಮೊಟ್ಟೆಗೆ ಹೋಯಿತು. ಈಸ್ಟರ್ ಹತ್ತಿರವಾದಾಗ ಫ್ರಯುಂಗ್ ಎಂಬ ಹಳೆಯ ಚೌಕದಲ್ಲಿ ಸಂತೆ ಕೂಡುತ್ತದೆ. ಉದ್ದಾನುದ್ದ ಮೇಜುಗಳ ಮೇಲೆ ಸಾವಿರಾರು ಬಣ್ಣದ ಮೊಟ್ಟೆಗಳು. ಒಂದರ ಮೇಲೆ ಹೂಬಳ್ಳಿ, ಒಂದರ ಮೇಲೆ ಮೊಲ, ಇನ್ನೊಂದರ ಮೇಲೆ ಥೇಟು ನಮ್ಮ ಹಸೆ ಚಿತ್ತಾರದ ಗೆರೆಗಳು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಅಮ್ಮ ಅವುಗಳ ಮುಂದೆ ನಿಂತವಳು ಕದಲಲಿಲ್ಲ. ಚಿಕ್ಕ ತೂತು ಕೊರೆದು ಒಳಗಿನದನ್ನೆಲ್ಲ ಹೊರಗೆ ತೆಗೆದಿರುತ್ತಾರೆ, ಬರೀ ಚಿಪ್ಪು ಎಂದು ಓರಗಿತ್ತಿ ಹೇಳಿದ್ದೇ ತಡ, ಒಂದನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಎಂಟು ಯೂರೋ. "ಏಳುನೂರ ಇಪ್ಪತ್ತು ರೂಪಾಯಿ ಅಮ್ಮಾ, ಅದೂ ಒಳಗೇನೂ ಇಲ್ಲದ ಮೊಟ್ಟೆಗೆ" ಎಂದೆ. "ಒಳಗೆ ಏನಾದ್ರೂ ಇದ್ದಿದ್ರೆ ನಾನ್ಯಾಕೆ ತಗೊಳ್ತಿದ್ದೆ?" ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಅಪ್ಪೆಮಿಡಿ ಬಾಟಲಿಯ ಪಕ್ಕದಲ್ಲಿ ಮೊಟ್ಟೆಗೂ ಒಂದು ಸ್ವೆಟರು ಮಂಜೂರಾಯಿತು.

ದುಡ್ಡು ಕೊಡುವಾಗ ಅಮ್ಮನ ಮುಖ ಕೆಡುತ್ತಿದ್ದುದು ಒಂದೇ ಜಾಗದಲ್ಲಿ, ಶೌಚಾಲಯದ ಬಾಗಿಲಿನಲ್ಲಿ. ಐವತ್ತು ಸೆಂಟು ಹಾಕದೆ ಗೇಟು ತಿರುಗುತ್ತಿರಲಿಲ್ಲ. ಐದು ಜನ, ಅದರಲ್ಲಿ ಇಬ್ಬರು ವಯಸ್ಸಾದವರು, ಮೇಲೆ ಆ ಚಳಿ. ಖರ್ಚಿನ ಲೆಕ್ಕ ಊಹಿಸಿಕೊಳ್ಳಬಹುದು. ಚಿಲ್ಲರೆ ಯಾವಾಗಲೂ ಬೇಕು, ನೋಟು ಹಾಕಿದರೆ ನಡೆಯದು. ಹಾಗಾಗಿ ಅಮ್ಮ ತನ್ನ ಎಲೆಅಡಿಕೆ ಸಂಚಿಯನ್ನು ಖಾಲಿಮಾಡಿ ನಾಣ್ಯದ ಖಜಾನೆ ಮಾಡಿಕೊಂಡಳು. ಎಲೆಯ ಮನೆಯಲ್ಲಿ ಯೂರೋ, ಅಡಿಕೆಯ ಮನೆಯಲ್ಲಿ ಮುಂದೆ ಹಂಗೆರಿಯ ಫೊರಿಂಟು, ಸುಣ್ಣದ ಡಬ್ಬಿಯ ಮನೆಯಲ್ಲಿ ಕೊನೆಗೆ ಚೆಕ್ ದೇಶದ ಕೊರೂನಾ. ಯಾರಿಗೆ ಅವಸರವಾದರೂ ಅವಳ ಮುಂದೆ ಕೈಚಾಚಬೇಕು. ಊರಿನಲ್ಲಿ ದುಡ್ಡಿನ ವಿಷಯಕ್ಕೆ ಬಾರದ ಅಮ್ಮ ಇಲ್ಲಿ ಎಲ್ಲರನ್ನೂ ತಡೆದು, "ನಿಜವಾಗ್ಲೂ ಬಂದಿದೆಯಾ?" ಎಂದು ವಿಚಾರಿಸಿಯೇ ನಾಣ್ಯ ಬಿಡುಗಡೆ ಮಾಡುತ್ತಿದ್ದಳು.

ರೈಲು ಹಂಗೆರಿಗೆ ದಾಟಿದಾಗ ನನ್ನ ತಲೆಯೊಳಗಿನ ಮಗ್ಗಿ ದಿಕ್ಕೆಟ್ಟು ನಿಂತಿತು. ಅಲ್ಲಿ ಆಗ ನಮ್ಮ ಒಂದು ರೂಪಾಯಿಗೆ ನಾಲ್ಕು ಫೊರಿಂಟಿಗಿಂತ ಸ್ವಲ್ಪ ಹೆಚ್ಚು. ಗುಣಿಸುವಂತಿಲ್ಲ, ನಾಲ್ಕರಿಂದ ಭಾಗಿಸಬೇಕು. ಬುಡಾಪೆಸ್ಟಿನಲ್ಲಿ ಕಾಫಿಗೆ ಸಾವಿರ ಎಂದು ಕೇಳಿ ಕಿವಿ ಹೌಹಾರಿದರೆ, ಮನಸ್ಸು ತಡವಾಗಿ ಬಂದು ಇನ್ನೂರೈವತ್ತು ಅಷ್ಟೇ ಎಂದು ಸಂತೈಸುವುದು. ಎದೆಬಡಿತದ ಕ್ರಮವೇ ತಿರುಗುಮುರುಗಾಯಿತು. ವಿಯೆನ್ನಾದಲ್ಲಿ ಮೊದಲು ನೆಮ್ಮದಿ, ಆಮೇಲೆ ಗಾಬರಿ. ಇಲ್ಲಿ ಮೊದಲು ಗಾಬರಿ, ಆಮೇಲೆ ನೆಮ್ಮದಿ.

ಗಾಬರಿ ಕೊನೆಗೂ ಗಾಬರಿಯಾಗಿಯೇ ಉಳಿದದ್ದು ಸೆಚೆನಿ ಸ್ನಾನಗೃಹದಲ್ಲಿ. ಊರಿನ ಉದ್ಯಾನದೊಳಗೆ 1913ರಲ್ಲಿ ಕಟ್ಟಿದ ಹಳದಿ ಬಣ್ಣದ ಅರಮನೆ. ನೆಲದಾಳದಿಂದ ಬರುವ ಬಿಸಿನೀರಿನ ಕೊಳಗಳು, ತಣ್ಣನೆ ಗಾಳಿಯಲ್ಲಿ ಏಳುವ ಹಬೆ, ಎದೆಮಟ್ಟದ ನೀರಿನಲ್ಲಿ ನಿಂತು ಚದುರಂಗ ಆಡುವ ಗಂಡಸರು. ಆಗ ಒಬ್ಬರಿಗೆ ಹತ್ತು ಸಾವಿರ ಫೊರಿಂಟಿನ ಆಸುಪಾಸು. ಭಾಗಿಸಿದರೂ ಎರಡು ಸಾವಿರದ ಮೇಲೆ. "ಸ್ನಾನಕ್ಕಾ?" ಎಂದಳು ಅಮ್ಮ. ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಗೆ ಅಡಿಕೆ ಸಿಪ್ಪೆಯ ಉರಿ ಹಾಕಿ, ಮೈಗೆ ಎಣ್ಣೆ ತಿಕ್ಕಿ, ಚೊಂಬು ಚೊಂಬು ಸುರಿದು ನಮ್ಮನ್ನೆಲ್ಲ ಬೆಳೆಸಿದವಳಿಗೆ ಎರಡು ಸಾವಿರದ ಸ್ನಾನ ಎಂದರೆ ಅರ್ಥವಾಗಬೇಕಾದರೂ ಹೇಗೆ? ಮಗಳು, ಇವರು ಇಬ್ಬರೇ ಒಳಗೆ ಹೋದರು. ನಾವು ಮೂವರು ಹೊರಗೆ ಬೆಂಚ್ ಮೇಲೆ ಕೂತು ಕೋಡುಬಳೆ ತಿಂದೆವು. ಎರಡು ಗಂಟೆಯಾದ ಮೇಲೆ ಕೆಂಪಗೆ ಹೊರಬಂದ ಅಳಿಯನನ್ನು ನೋಡಿ ಅಮ್ಮ, "ಹಂಡೆ ನೀರಷ್ಟು ಬಿಸಿ ಇತ್ತಾ?" ಎಂದು ಕೇಳಿದಳು. ಅಷ್ಟಿರಲಿಲ್ಲ ಎಂದು ಇವರು ಒಪ್ಪಿಕೊಂಡ ಮೇಲೆ ಅವಳ ಮನಸ್ಸು ಹಗುರಾಯಿತು.

ಅಪ್ಪನಿಗೆ ಅಲ್ಲಿಗೆ ಹೋಗುವ ಮೆಟ್ರೋ ಸಾಕಿತ್ತು. 1896ರಲ್ಲಿ ಶುರುವಾದ ಆ ಪುಟ್ಟ ಹಳದಿ ರೈಲು ಯೂರೋಪಿನ ನೆಲದ ಮೇಲೆ ಮೊದಲ ಸುರಂಗ ರೈಲು. ಬ್ರಿಟನ್ ದ್ವೀಪವಾದ್ದರಿಂದ ಲಂಡನ್ನಿನದು ಈ ಲೆಕ್ಕಕ್ಕೆ ಬರುವುದಿಲ್ಲ. ಬಿಳಿ ಹೆಂಚಿನ ಗೋಡೆ, ಕಬ್ಬಿಣದ ಕಂಬ, ಕೈಯೆತ್ತಿದರೆ ಸಿಗುವ ಚಾವಣಿ. "ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ" ಎಂದರು ಅಪ್ಪ, ಕಂಬಿ ಹಿಡಿದು ನಿಂತು. "ಇವರಿಗಿಂತ ಆರೇ ವರ್ಷ ಹಿಂದೆ." ಮೈಸೂರು ಸಂಸ್ಥಾನದ ಮಾನ ಉಳಿದ ಸಮಾಧಾನ ಅವರ ದನಿಯಲ್ಲಿತ್ತು.

ಬುಡಾಪೆಸ್ಟಿನಲ್ಲಿ ಅಪ್ಪ ಕೊಂಡದ್ದು ಒಂದೇ ವಸ್ತು, ದುಡ್ಡು. ಹಳೆಯ ನಾಣ್ಯ, ನೋಟು ಮಾರುವ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಲಕ್ಷ ಪೆಂಗೊ ಎಂದು ಅಚ್ಚಾದ 1945ರ ನೋಟಿತ್ತು. ಬೆಲೆ ಆರುನೂರು ಫೊರಿಂಟು. ಹತ್ತು ಲಕ್ಷದ ನೋಟು ನೂರೈವತ್ತು ರೂಪಾಯಿಗೆ ಸಿಗುವುದೆಂದರೆ ಏನೋ ಇರಬೇಕೆಂದು ಅಪ್ಪ ಕನ್ನಡಕ ಏರಿಸಿದರು. ಮಗಳು ಫೋನು ತೆಗೆದು ಓದಿ ಹೇಳಿದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಂಗೆರಿಯ ಆಗಿನ ದುಡ್ಡು ಪೆಂಗೊ ಕರಗಿಹೋಯಿತು. 1946ರ ಜುಲೈಯಲ್ಲಿ ಸುಮಾರು ಹದಿನೈದು ಗಂಟೆಗೊಮ್ಮೆ ಬೆಲೆಗಳು ಇಮ್ಮಡಿಯಾಗುತ್ತಿದ್ದವು. ಕೊನೆಕೊನೆಗೆ ಚಲಾವಣೆಗೆ ಬಿಟ್ಟ ಅತಿ ದೊಡ್ಡ ನೋಟು, ಒಂದರ ಮುಂದೆ ಇಪ್ಪತ್ತು ಸೊನ್ನೆಗಳಷ್ಟು ಪೆಂಗೊದ್ದು. ಪ್ರಪಂಚದಲ್ಲಿ ಅದಕ್ಕಿಂತ ದೊಡ್ಡ ಮೊತ್ತದ ನೋಟು ಚಲಾವಣೆಗೆ ಬಂದಿಲ್ಲ.

ಅಪ್ಪ ಅಂಗಡಿಯ ಮಧ್ಯದಲ್ಲಿ ನಿಂತು ಬೆರಳು ಮಡಚತೊಡಗಿದರು. "ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ..." ಜಗುಲಿಯ ರಾಗವೇ. ಪರಾರ್ಧ ಬರುವ ಹೊತ್ತಿಗೆ ಹದಿನೇಳು ಸೊನ್ನೆಗಳಾಗಿದ್ದವು. ಪರಾರ್ಧಕ್ಕೆ ಆಚೆ ಅವರ ಮೇಷ್ಟರು ಏನನ್ನೂ ಕಲಿಸಿರಲಿಲ್ಲ. ಆಚೆಯ ಲೆಕ್ಕ ಮನುಷ್ಯರಿಗೆ ಬೇಕಾಗುವುದಿಲ್ಲ ಎಂದು ಹೇಳಿದ್ದರಂತೆ. "ಸಾವಿರ ಪರಾರ್ಧ!" ಎಂದರು ಅಪ್ಪ, ಅಂಗಡಿಯವನಿಗೆ. ಅವನು ವಿನಯದಿಂದ ತಲೆಯಾಡಿಸಿದ. "ಅಜ್ಜಾ, ಇನ್ನೂ ಇದೆ" ಎಂದಳು ಮಗಳು. 1946ರ ಆಗಸ್ಟ್ 1ರಂದು ಫೊರಿಂಟು ಬಂದಾಗ, ಒಂದು ಫೊರಿಂಟಿಗೆ ಕೊಡಬೇಕಾಗಿದ್ದ ಪೆಂಗೊ ಎಷ್ಟೆಂದರೆ ನಾಲ್ಕರ ಮುಂದೆ ಇಪ್ಪತ್ತೊಂಬತ್ತು ಸೊನ್ನೆ. ಅಪ್ಪ ಬೆರಳು ಬಿಡಿಸಿಬಿಟ್ಟರು. ಆಗ ಬುಡಾಪೆಸ್ಟಿನ ಬೀದಿಯಲ್ಲಿ ನೋಟುಗಳನ್ನು ಕಸದ ಜೊತೆ ಗುಡಿಸುತ್ತಿರುವ ಫೋಟೊವನ್ನು ಮಗಳು ತೋರಿಸಿದಳು. ಅಮ್ಮ ಅದನ್ನೇ ಬಹಳ ಹೊತ್ತು ನೋಡಿ, "ಅಷ್ಟರಲ್ಲಿ ಮಕ್ಕಳಿಗೆ ಏನು ತಿನ್ನಿಸ್ತಿದ್ರೋ" ಎಂದಳು. ಯಾರಿಗೂ ಏನು ಹೇಳಲೂ ತೋಚಲಿಲ್ಲ. ಆ ದಿನ ರಾತ್ರಿಯವರೆಗೆ ನಾನು ಯಾವುದನ್ನೂ ಭಾಗಿಸಲಿಲ್ಲ.

ಈಸ್ಟರಿನ ಮಾರನೆಯ ಸೋಮವಾರ ಬೆಳಿಗ್ಗೆ ನಾವಿದ್ದ ವಸತಿಗೃಹದ ಒಡತಿಯ ಮಗ, ಏಳೆಂಟು ವರ್ಷದವನು, ಸ್ನಾನ ಮಾಡಿ ತಲೆ ಬಾಚಿಕೊಂಡು ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಪುಟ್ಟದೊಂದು ಅತ್ತರಿನ ಸೀಸೆ. ಉಸಿರು ಕಟ್ಟಿ ಒಂದು ಪದ್ಯ ಒಪ್ಪಿಸಿ, ಮಗಳ ತಲೆಯ ಮೇಲೆ ಎರಡು ಹನಿ ಚಿಮುಕಿಸಿದ. ಹಂಗೆರಿಯಲ್ಲಿ ಆ ದಿನ ಗಂಡುಮಕ್ಕಳು ಹೆಣ್ಣುಮಕ್ಕಳ ಮೇಲೆ ನೀರು ಚೆಲ್ಲುವ ಪದ್ಧತಿ. ಹುಡುಗಿ ಹೂವಿನ ಗಿಡ, ನೀರು ಹನಿಸದಿದ್ದರೆ ಬಾಡಿಹೋಗುತ್ತಾಳೆ ಎಂಬುದು ಪದ್ಯದ ಭಾವವೆಂದು ಅವನ ತಾಯಿ ತಿಳಿಸಿದಳು. ಹಳ್ಳಿಗಳಲ್ಲಿ ಬಕೆಟ್ಟುಗಟ್ಟಲೆ, ಪೇಟೆಯಲ್ಲಿ ಅತ್ತರು. "ಓಕುಳಿ!" ಎಂದು ಅಮ್ಮ ತಲೆಬಾಗಿಸಿ ತಾನೂ ಹಾಕಿಸಿಕೊಂಡಳು. ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನಲ್ಲಿ ಹಬ್ಬ ಮುಗಿಸುವ ಊರಿನವಳಿಗೆ ವಿವರಣೆ ಬೇಕಾಗಲಿಲ್ಲ. ಹುಡುಗ ಮಾತ್ರ ಹೋಗದೆ ನಿಂತೇ ಇದ್ದ. ನೀರು ಹಾಕಿದವನಿಗೆ ಬಣ್ಣದ ಮೊಟ್ಟೆ ಕೊಡಬೇಕಂತೆ. ಅಮ್ಮ ನನ್ನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಸ್ವೆಟರು ಬಿಚ್ಚಿದಳು. ಏಳುನೂರ ಇಪ್ಪತ್ತು ರೂಪಾಯಿ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೊಟ್ಟೆಯ ಜೊತೆ ನಾಲ್ಕು ಕೊಬ್ಬರಿ ಮಿಠಾಯಿಯೂ ಹೋಯಿತು, ಕೊಸರು.

ಪ್ರಾಗಿನ ರೈಲು ಬಹಳ ದೂರ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಓಡುತ್ತದೆ. ಬೆಳಿಗ್ಗೆ ಹಂಗೆರಿ, ಮಧ್ಯಾಹ್ನ ಸ್ಲೊವಾಕಿಯಾ, ಸಂಜೆಗೆ ಚೆಕ್ ದೇಶ. ಪಾಸ್‌ಪೋರ್ಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗಡಿ ದಾಟಿದ್ದು ಗೊತ್ತಾದದ್ದು ನನ್ನ ತಲೆಗೆ ಮಾತ್ರ: ನಾಲ್ಕರಿಂದ ಭಾಗಿಸು, ತೊಂಬತ್ತರಿಂದ ಗುಣಿಸು, ಈಗ ನಾಲ್ಕರಿಂದ ಗುಣಿಸು. ಚೆಕ್ ಕೊರೂನಾ ಒಂದಕ್ಕೆ ಆಗ ನಾಲ್ಕು ರೂಪಾಯಿಗಿಂತ ಚೂರು ಕಡಿಮೆ. ಎದುರು ಸೀಟಿನಲ್ಲಿ ಅಪ್ಪ ಪ್ರತಿ ಇಸವಿಯನ್ನೂ ಮೈಸೂರಿನ ಇಸವಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಅಮ್ಮ, ವಿಯೆನ್ನಾದ 1,441 ಕೋಣೆಗಳ ಶೋನ್‌ಬ್ರುನ್ ಅರಮನೆಯನ್ನು ದಿನಾ ಗುಡಿಸಲು ಎಷ್ಟು ಜನ ಬೇಕೆಂದು ಇನ್ನೂ ಯೋಚಿಸುತ್ತಿದ್ದಳು. ಇವರು ಫೋನಿನಲ್ಲಿ ನಡೆದ ಹೆಜ್ಜೆಗಳನ್ನು ಎಣಿಸುತ್ತಿದ್ದರು. ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಕೋಣೆ, ಯಾರು ಏನನ್ನು ಅಳೆಯುತ್ತ ಕೂತಿದ್ದಾರೆಂದು ಯಾರಿಗೆ ಗೊತ್ತು? ಐದು ಜನ ಒಂದೇ ಡಬ್ಬಿಯೊಳಗೆ ಇಡೀ ದಿನ ಕೂತಾಗ ಅವರವರ ಅಳತೆಗೋಲು ಹೊರಗೆ ಬೀಳುತ್ತದೆ. ಅಪ್ಪನ ಸಂಸ್ಥಾನಾಭಿಮಾನವಾಗಲಿ, ಇವರ ಹೆಜ್ಜೆಯ ಲೆಕ್ಕವಾಗಲಿ, ಇಷ್ಟು ತಮಾಷೆಯದೆಂದು ಊರಿನಲ್ಲಿದ್ದಾಗ ನನಗೆ ತಿಳಿದೇ ಇರಲಿಲ್ಲ. ನನ್ನದು ಅವರಿಗೆ ಹೇಗೆ ಕಂಡಿತೆಂದು ಕೇಳಲು ಹೋಗಲಿಲ್ಲ.

ಪ್ರಾಗಿನ ಚಾರ್ಲ್ಸ್ ಸೇತುವೆಯ ಮೇಲೆ ಅಪ್ಪ ಕುಣಿದಾಡುವುದೊಂದು ಬಾಕಿ. ಮೊದಲಿದ್ದ ಸೇತುವೆ 1342ರ ನೆರೆಯಲ್ಲಿ ಕೊಚ್ಚಿಹೋದ ಮೇಲೆ ದೊರೆ ನಾಲ್ಕನೇ ಚಾರ್ಲ್ಸ್ ಗಟ್ಟಿ ಮುಹೂರ್ತ ನೋಡಿಸಿದನೆಂದು ಪ್ರತೀತಿ: 1357, ಒಂಬತ್ತನೇ ತಾರೀಕು, ಏಳನೇ ತಿಂಗಳು, ಬೆಳಿಗ್ಗೆ ಐದು ಗಂಟೆ ಮೂವತ್ತೊಂದು ನಿಮಿಷ. ಸಾಲಾಗಿ ಬರೆದರೆ 1, 3, 5, 7, 9, 7, 5, 3, 1. ಬೆಸ ಸಂಖ್ಯೆಗಳು ಮೆಟ್ಟಿಲು ಹತ್ತಿ ಮೆಟ್ಟಿಲು ಇಳಿಯುತ್ತವೆ. "ಇದು ಲೆಕ್ಕದ ಮೇಷ್ಟರು ಇಟ್ಟ ಮುಹೂರ್ತ, ಪುರೋಹಿತರದ್ದಲ್ಲ" ಎಂದು ಅಪ್ಪ ಕಲ್ಲನ್ನು ಸವರಿದರು. ಗಾರೆ ಗಟ್ಟಿಯಾಗಲೆಂದು ಸುತ್ತಲಿನ ಊರುಗಳಿಂದ ಗಾಡಿಗಟ್ಟಲೆ ಮೊಟ್ಟೆ ತರಿಸಿದರೆಂದೂ ಕಥೆಯಿದೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯಬಾರದೆಂದು ಬೇಯಿಸಿ ಕಳಿಸಿದರಂತೆ. ಇದನ್ನು ಇವರು ಓದಿ ಹೇಳಿದಾಗ ನಾವು ಸೇತುವೆಯ ನಡುಮಧ್ಯೆ ಇದ್ದೆವು. ಅಮ್ಮ ಕಾಲೆತ್ತಿ ಒಮ್ಮೆ ಕೆಳಗೆ ನೋಡಿದಳು. "ಮೊದ್ಲೇ ಹೇಳಬಾರದಿತ್ತಾ?" ಎಂದಳು. ಹಿಂದಕ್ಕೆ ಹೋದರೂ ಅಷ್ಟೇ, ಮುಂದಕ್ಕೆ ಹೋದರೂ ಅಷ್ಟೇ ಎಂದು ಅಪ್ಪ ಲೆಕ್ಕ ಹೇಳಿದ ಮೇಲೆ ಬೇಗ ಬೇಗ ದಾಟಿದಳು.

ಹಳೆಯ ಪೇಟೆಯ ಚೌಕದಲ್ಲಿ ಪ್ರಾಗಿನ ಖಗೋಳ ಗಡಿಯಾರವಿದೆ. ಅದರ ಅತಿ ಹಳೆಯ ಭಾಗ 1410ರದು. ಆಗ ವಿಜಯನಗರದಲ್ಲಿ ಒಂದನೇ ದೇವರಾಯ ಆಳುತ್ತಿದ್ದ ಎಂಬ ಟಿಪ್ಪಣಿ ಅಪ್ಪನಿಂದ ಬಂತು. ಗಂಟೆಗೊಮ್ಮೆ ಕಿಟಕಿಗಳು ತೆರೆದು ಹನ್ನೆರಡು ಶಿಷ್ಯರ ಬೊಂಬೆಗಳು ಮೆರವಣಿಗೆ ಹೋಗುತ್ತವೆ. ಪಕ್ಕದಲ್ಲಿ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ: ನಿನ್ನ ಹೊತ್ತಾಯಿತು, ನಡಿ. ಹಣದ ಚೀಲ ಹಿಡಿದ ಜಿಪುಣನ ಬೊಂಬೆ ಒಲ್ಲೆ ಒಲ್ಲೆ ಎಂದು ತಲೆಯಾಡಿಸುತ್ತದೆ. ಕೊನೆಗೆ ಚಿನ್ನದ ಹುಂಜ ಕೂಗಿದರೆ ಆಟ ಮುಗಿಯಿತು. ಕೆಳಗೆ ನೂರಾರು ಜನ ಫೋನು ಎತ್ತಿ ಹಿಡಿದಿದ್ದರು. ಇವರು ಮಾತ್ರ ಜಿಪುಣನನ್ನೂ ನನ್ನನ್ನೂ ಒಂದೇ ಚೌಕಟ್ಟಿನಲ್ಲಿ ತರಲು ಹೆಣಗಾಡುತ್ತಿದ್ದರು.

ಅಪ್ಪ ಬೊಂಬೆಗಳ ಕಡೆ ನೋಡಲೇ ಇಲ್ಲ. ಅವರ ಕಣ್ಣು ಗಡಿಯಾರದ ಮುಖದ ಮೇಲೆ. ಅಲ್ಲಿ ಹನ್ನೆರಡು ರಾಶಿಗಳ ಚಕ್ರವಿದೆ. ಅದರ ಮೇಲೆ ಚಿನ್ನದ ಸೂರ್ಯ, ಅರ್ಧ ಕಪ್ಪಾದ ಚಂದ್ರ ಚಲಿಸುತ್ತಾರೆ. ಹೊರಸುತ್ತಿನ ಬಳೆ ಹಳೆಯ ಬೊಹಿಮಿಯನ್ ಹೊತ್ತನ್ನು ತೋರಿಸುತ್ತದೆ. ಸೂರ್ಯ ಮುಳುಗಿದ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆ ಎಣಿಸುವ ಕ್ರಮ. "ನಾವು ಸೂರ್ಯ ಹುಟ್ಟಿದಲ್ಲಿಂದ ಅರವತ್ತು ಗಳಿಗೆ ಎಣಿಸ್ತೀವಿ, ಇವರು ಮುಳುಗಿದಲ್ಲಿಂದ" ಎಂದು ಮೊಮ್ಮಗಳಿಗೆ ಪಾಠ ಶುರುವಾಯಿತು. ಒಂದು ಕಡೆ ಮಾತ್ರ ಅವರ ಹುಬ್ಬು ಗಂಟಾಯಿತು. ಗಡಿಯಾರ ಸೂರ್ಯನನ್ನು ಮೇಷದಲ್ಲಿ ತೋರಿಸುತ್ತಿತ್ತು. "ಇನ್ನೂ ಮೀನದಲ್ಲಿದಾನೆ. ಮೇಷ ಸಂಕ್ರಮಣ ನಾಡಿದ್ದು, 14ಕ್ಕೆ." ಆರುನೂರು ವರ್ಷದ ಗಡಿಯಾರದ ಜೊತೆ ಅಪ್ಪನ ವಾದ ನಡೆಯಿತು. ಸ್ವಲ್ಪ ಹೊತ್ತಿನಲ್ಲಿ ರಾಜಿಯೂ ಆಯಿತು: "ಇದು ಸಾಯನ, ನಮ್ಮದು ನಿರಯನ. ಇಬ್ಬರ ಮೇಷಕ್ಕೂ ಇಪ್ಪತ್ನಾಲ್ಕು ದಿನ ವ್ಯತ್ಯಾಸ. ಇಬ್ಬರದೂ ಸರಿ."

ಇದಕ್ಕೆ ಟಿಕೆಟ್ಟಿಲ್ಲ ಎಂದು ಖಾತ್ರಿಪಡಿಸಿಕೊಂಡ ಅಮ್ಮ, ಅಸ್ಥಿಪಂಜರ ಸರಿಯಾಗಿ ಕಾಣಲಿಲ್ಲ, ಇನ್ನೊಂದು ಗಂಟೆ ಕಾದು ಮತ್ತೆ ನೋಡೋಣ ಎಂದಳು. ಚೌಕದ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಎದುರಿನ ಹೋಟೆಲಿನ ಬೆಲೆಪಟ್ಟಿಯನ್ನು ನಾನು ದೂರದಿಂದಲೇ ನಾಲ್ಕರಿಂದ ಗುಣಿಸುತ್ತಿರುವುದನ್ನು ನೋಡಿ ಇವರು ನಿಟ್ಟುಸಿರಿಟ್ಟರು.

"ಮುಂದಿನ ಸಲ ಭೂತಾನಿಗೆ ಹೋಗೋಣ. ಅಲ್ಲಿನ ಒಂದು ನ್ಗುಲ್ಟ್ರಮ್ ಅಂದ್ರೆ ನಮ್ಮ ಒಂದು ರೂಪಾಯಿ. ನಿಂಗೆ ಏನೂ ಕೆಲಸ ಇರಲ್ಲ."

"ಒಂದರ ಮಗ್ಗಿಯನ್ನ ಯಾರು ಬೇಕಾದ್ರೂ ಹೇಳ್ತಾರೆ" ಎಂದರು ಅಪ್ಪ, ಭೂತಾನಿನ ಬಗ್ಗೆ ಆಸಕ್ತಿ ಕಳೆದುಕೊಂಡು.

ಮಗಳು ಆಗಲೇ ಫೋನಿನಲ್ಲಿ ಹುಡುಕಿದ್ದಳು. "ಆದ್ರೆ ಅಲ್ಲಿ ಉಳ್ಕೊಳ್ಳೋಕೆ ನಮ್ಮ ದೇಶದೋರು ಒಬ್ಬೊಬ್ಬರೂ ರಾತ್ರಿಗೆ 1,200 ಶುಲ್ಕ ಕೊಡ್ಬೇಕಂತೆ. ಅಂದ್ರೆ ಐದು ಜನಕ್ಕೆ ಆರು ಸಾವಿರ."

ಅಪ್ಪ ತಿರುಗಿ ಕೂತರು. ಅವಳು ಫೋನಿನ ಕ್ಯಾಲ್ಕುಲೇಟರ್ ತೆರೆದಿರಲಿಲ್ಲ. "ಏಳು ರಾತ್ರಿಗೆ?"

"ನಲವತ್ತೆರಡು ಸಾವಿರ."

"ಹತ್ತೊಂಬತ್ತು ರಾತ್ರಿಗೆ?" ಅಪ್ಪನ ದನಿಯಲ್ಲಿ ಜಗುಲಿಯ ದೀಪ ಹೊತ್ತಿಕೊಂಡಿತ್ತು. ನಾನು ಹಳೆಯ ಅಭ್ಯಾಸದಿಂದ ಅಮ್ಮನ ಕಡೆ ನೋಡಿದೆ.

ಅಮ್ಮ ಸಂಚಿಯ ಸುಣ್ಣದ ಮನೆಯಲ್ಲಿ ಉಳಿದ ಕೊರೂನಾಗಳನ್ನು ಎಣಿಸುತ್ತಿದ್ದಳು. "ಅದೆಲ್ಲ ಇರಲಿ ಮಗಾ," ಎಂದಳು ಮೊಮ್ಮಗಳಿಗೆ, "ಅಷ್ಟೆಲ್ಲ ಕೊಟ್ಟ ಮೇಲೆ ಅಲ್ಲಿ ಶೌಚಾಲಯಕ್ಕೆ ಬೇರೆ ದುಡ್ಡು ಕೇಳ್ತಾರಾ, ಅದನ್ನ ಮೊದ್ಲು ನೋಡಿ ಹೇಳು."